ನಿಂತ ಗಾಡೀನ ಟ್ರ್ಯಾಕ್ಟರ್‌ಗೆ ಕಟ್ಟಿ ಜಗ್ಗಿಸಬ್ಯಾಡ್ರಿ: ನಮ್ಮ ಅಪ್ಪಾರ ಪದ್ಮಿನಿ ಇಂಜಿನ್ ಹೋದ ಕತಿ

ಯಾರ ಮನ್ಯಾಗರ ಹಳೇ ಪೆಟ್ರೋಲ್ ಗಾಡಿ ವರ್ಷಗಟ್ಲೆ ನಿಂತಿದ್ದು ಈಗ ಚಾಲೂ ಮಾಡ್ಸೂಣು ಅಂತ ವಿಚಾರ ನಡದಿದ್ರ, ಮೆಕ್ಯಾನಿಕ್‌ಗೆ ಫೋನ್ ಹಚ್ಚೋಕಿಂತ ಮೊದ್ಲ ಇದನ್ನ ಪೂರ್ತಿ ಓದ್ರಿ. ಕೈಮುಗದು ಕೇಳ್ತೀನಿ.

ನಮ್ಮದು ಜಮಖಂಡಿ ಹತ್ರ ಒಂದ್ ಹಳ್ಳಿ. ಅಪ್ಪಾರದು ಪ್ರೀಮಿಯರ್ ಪದ್ಮಿನಿ, ಮಂದಿ ಇವತ್ತಿಗೂ ಫಿಯಟ್ ಅಂತಾನ ಕರೀತಾರ, ಸ್ಟೇರಿಂಗ್ ಬಾಜೂಕ ಗೇರ್ ಇರೋದು. ನನ್ನ ಕಾಲೇಜಿಗೆ ಬಿಡಾಕ, ಅಕ್ಕನ ಲಗ್ನಕ್ಕ, ದವಾಖಾನಿಗೆ, ಎಲ್ಲಾದಕ್ಕೂ ಅದ ಗಾಡಿ. ಅಪ್ಪಾರು ತೀರ್ಕೊಂಡ ಮ್ಯಾಲ 11 ವರ್ಷ ಪತ್ರಾಸ್ ಶೆಡ್ಡಿನ್ಯಾಗ ನಿಂತಿತ್ತು, ಮ್ಯಾಲ ತಾಡಪಾಲ ಹೊಚ್ಚಿ ಬಿಟ್ಟಿದ್ವಿ. ಹೋದ ವರ್ಷ ಅವ್ವ "ಬನಶಂಕರಿ ಜಾತ್ರಿಗೆ ನಿಮ್ಮಪ್ಪನ ಗಾಡ್ಯಾಗ ಒಮ್ಮೆ ಕರ್ಕೊಂಡ್ ಹೋಗಪಾ" ಅಂದ್ಳು. ಬನದ ಹುಣ್ಣಿಮಿ ಇನ್ನ 12 ದಿನ ಇತ್ತು. ಆ ಅವಸರಾನ ಕೆಲಸ ಕೆಡಿಸ್ತು.

ಊರ ಕಡೆ ಟ್ರ್ಯಾಕ್ಟರು ಬೈಕು ರಿಪೇರಿ ಮಾಡೋ ಒಬ್ಬ ಮೆಕ್ಯಾನಿಕ್‌ನ ಕರಸ್ದೆ, ಅವನ ಹೆಸರು ಬ್ಯಾಡ. "ಏನಿಲ್ರಿ ಅಣ್ಣಾರ, ಬ್ಯಾಟರಿ ಹಾಕೂಣು, ಪೆಟ್ರೋಲ್ ಹಾಕೂಣು, ಸಂಜೀಕ ರೋಡಿಗೆ ಬಿಡ್ತೀನಿ" ಅಂದ. ಹೊಸಾ ಬ್ಯಾಟರಿ ಹಾಕಿ ಸೆಲ್ಫ್ ಹೊಡದ್ರ ಟಕ್ ಅಂತ ಒಂದ್ ಸಪ್ಪಳ ಅಷ್ಟ, ಇಂಜಿನ್ ಅಳ್ಳಾಡ್ಲಿಲ್ಲ. ಮೂರ್ನೇ ಸಲಕ್ಕ ಸೆಲ್ಫಿನ ವೈರ್ ಹೊಗಿ ಬಿಡ್ತು. ಅಲ್ಲೇ ನಿಲ್ಲಿಸ್ಬೇಕಿತ್ತು, ಯಾಕಂದ್ರ ಅದು ಇಂಜಿನ್ ಜಾಮ್ ಆಗೇತಿ ಅಂತ ಗಾಡೀನ ಬಾಯ್ಬಿಟ್ಟು ಹೇಳ್ದಂಗ. ಇಂಜಿನ್ ಬಂದಾಗಿ ನಿಂತಾಗ ಯಾವುದರ ಒಂದ್ ಸಿಲಿಂಡರಿನ ವಾಲ್ವ್ ತೆರದ ಇರ್ತೈತಿ, ಮಳಿಗಾಲದ ಥಂಡಿ ಗಾಳಿ ಅಲ್ಲಿಂದ ಒಳಗ ಹೋಗ್ತೈತಿ, ಪಿಸ್ಟನ್ನಿನ ರಿಂಗೂ ಬೀಡು (ಎರಕದ ಕಬ್ಬಿಣ), ಪಿಸ್ಟನ್ ಓಡಾಡೋ ಬೋರೂ ಬೀಡು, ಎರಡಕ್ಕೂ ಜಂಗ್ ಹಿಡದು ಒಂದಕ್ಕೊಂದು ಅಂಟ್ಕೊಂಡು ಕೂಡ್ತಾವ. ಹಂಗ 11 ಮಳಿಗಾಲ ಕಳದಿತ್ತು ನಮ್ಮ ಗಾಡಿ.

ಅವ ಏನ್ ಮಾಡಿದ ಅಂದ್ರ ನಮ್ಮ ಟ್ರ್ಯಾಕ್ಟರ್ ಹಿಂದ ಹಗ್ಗ ಕಟ್ಟಸ್ದ. ನಾ ಸ್ಟೇರಿಂಗ್‌ಗೆ ಕುಂತೆ. ಮೂರ್ನೇ ಗೇರಿನ್ಯಾಗ ಹಾಕಿ ಕ್ಲಚ್ ಬಿಡ್ರಿ ಅಂದ, ಬಿಟ್ಟೆ, ಹಿಂದಿನ ಗಾಲಿ ತಿರಗಲಾರ್ದ ಮಣ್ಣಾಗ ಗೆರಿ ಕೊರಕೊಂತ ಹೊಂಟ್ವು. ಇನ್ನೊಂದ್ಸಲ ಜೋರ್ ಜಗ್ಗಿದ್ರು. ಒಳಗ ಟಣ್ ಅಂತ ಏನೋ ಮುರದ ಸಪ್ಪಳ ಆತು, ಇಂಜಿನ್ ತಿರಗ್ತು, ಭರ್ ಅಂತ ಚಾಲೂನೂ ಆತು. ಹುಡುಗ್ರು ಸೀಟಿ ಹೊಡದ್ರು, ಅವ್ವ ಹೊಸ್ತಿಲದಾಗ ನಿಂತು ಕಣ್ಣೀರ್ ಒರಸ್ಕೊಂಡ್ಳು. ನಾನೂ ಖುಷಿ ಆದೆ, ಆ ಟಣ್ ಅನ್ನೋದು ಏನಂತ ಕೇಳೋ ಬುದ್ಧಿ ಆಗ ಬರ್ಲಿಲ್ಲ.

ಟ್ರ್ಯಾಕ್ಟರ್ ನಿಂತ್ತು. ನಾ ಕ್ಲಚ್ ಒತ್ತಿ ಬ್ರೇಕ್ ತುಳದ್ರ ಪೆಡಲ್ ಸೀದಾ ಕೆಳಗ ಹೋತು, ಹ್ಯಾಂಡ್ ಬ್ರೇಕ್ ಜಗ್ಗಿದ್ರ ಕೇಬಲ್ ಕಡದು ಕೈಗೇ ಬಂತು. ಗಾಡಿ ಹೋಗಿ ಟ್ರ್ಯಾಕ್ಟರಿಗೆ ಬಡೀತು. ಅಕ್ಕನ ಮಗ, ಎಂಟ್ ವರ್ಷದಂವ, ಆಗಷ್ಟ ಅಲ್ಲಿಂದ ಬಾಜೂ ಸರದಿದ್ದ. ಅದನ್ನ ನೆನಸ್ಕೊಂಡ್ರ ಈಗ್ಲೂ ಕೈಕಾಲ್ ನಡಗ್ತಾವ. ವರ್ಷಗಟ್ಲೆ ನಿಂತ ಗಾಡ್ಯಾಗ ಬ್ರೇಕ್ ಆಯಿಲ್ ನೀರ್ ಕುಡದಿರ್ತೈತಿ, ಗಾಲಿ ಸಿಲಿಂಡರ್ ಜಂಗ್ ಹಿಡದಿರ್ತಾವ, ರಬ್ಬರ್ ಒಣಗಿರ್ತಾವ. ಇಂಜಿನ್‌ಗೆ ಕೈ ಹಚ್ಚೂದ್ಕಿಂತ ಮೊದ್ಲ ಬ್ರೇಕ್ ನೋಡಸ್ರಿ, ಇದು ಜೀವದ ಮಾತು.

ಇಂಜಿನ್ ಹೆಚ್ಚಂದ್ರ ನಾಕ್ ನಿಮಿಷ ಓಡಿರ್ಬೇಕು. ಹಿಂದ ನೀಲಿ ಹೊಗಿ, ಮುಂದ ಆಯಿಲಿನ ಕೆಂಪು ಲೈಟ್ ಆರವಲ್ದು. ಬಂದ್ ಮಾಡೂಣೇನಪಾ ಅಂದೆ, "ಹಳೇ ಗಾಡ್ರಿ, ಸ್ವಿಚ್ ಕೆಟ್ಟಿರ್ತೈತಿ, ರೇಸ್ ಕೊಡ್ರಿ" ಅಂದ. ಕೊಟ್ಟೆ. ಕೆಳಗಿಂದ ಕಟ ಕಟ ಕಟ ಅಂತ ಬಡಿಯಾಕತ್ತು, ಆಮ್ಯಾಲ ಒಮ್ಮೆಲೆ ನಿಂತ್ತು, ಮತ್ತ ತಿರಗ್ಲಿಲ್ಲ. ಕೂಲಿ 3,500 ತಗೊಂಡು ಹೋದ, ಮರುದಿನದಿಂದ ಫೋನ್ ಎತ್ತಲಿಲ್ಲ. ಅವ್ವ ಜಾತ್ರಿಗೆ ಬಸ್ಸಿನ್ಯಾಗ ಹೋಗಿ ಬಂದ್ಳು, ಒಂದ್ ಮಾತು ಆಡ್ಲಿಲ್ಲ.

ಇಂಜಿನ್ ಇಳಸಿ ಬೆಳಗಾವಿಗೆ ಒಯ್ದೆ, ಉದ್ಯಮಬಾಗ ಕಡೆ ಇಂಜಿನ್ ಬೋರಿಂಗ್ ಕೆಲಸ ಬಲ್ಲ ಒಬ್ರು ವಯಸ್ಸಾದ ಮಿಸ್ತ್ರಿ ಅದಾರ. ಅವ್ರು ಒಂದೊಂದ ಬಿಚ್ಚಿ ಅರಿವಿ ಮ್ಯಾಲ ಇಟ್ಟು ತೋರಸಿದ್ರು. ಮೂರ್ನೇ ಸಿಲಿಂಡರಿನ ರಿಂಗ್ ಮೂರ್ ತುಂಡ್, ಪಿಸ್ಟನ್ನಿನ ಅಂಚು ಒಡದೇತಿ, ಬೋರಿನ್ಯಾಗ ಉಗುರು ಸಿಗುವಂಥ ಗೆರಿ. ಸಂಪ್, ಅಂದ್ರ ಇಂಜಿನ್ ಕೆಳಗಿನ ಆಯಿಲ್ ತಟ್ಟಿ, ಬಿಚ್ಚಿದ್ರ ತಳದಾಗ ಹಳೇ ಆಯಿಲ್ ಕಾಕಂಬಿ ಹಂಗ ಗಟ್ಟಿ ಆಗಿ ಆಯಿಲ್ ಪಂಪಿನ ಜಾಳಿಗಿ ಮುಚ್ಚಿತ್ತು, ಹಂಗಾಗಿ ಬೇರಿಂಗಿಗೆ ಒಂದ್ ಹನಿ ಆಯಿಲ್ ಹತ್ತಿಲ್ಲ, ಸುಟ್ಟು ಕ್ರ್ಯಾಂಕಿಗೆ (ಪಿಸ್ಟನ್‌ಗಳು ತಿರಗಿಸೋ ದಂಡಕ್ಕ) ಹಿಡ್ಕೊಂಡಿತ್ತು. ಆ ಕೆಂಪು ಲೈಟ್ ಖರೇನ ಹೇಳಾಕತ್ತಿತ್ತು. ಕಾರ್ಬೋರೇಟರ್ ಜೆಟ್ಟಿನ್ಯಾಗ ಹಳೇ ಪೆಟ್ರೋಲ್ ಅಂಟಾಗಿ ಕುಂತಿತ್ತು, ಪೆಟ್ರೋಲ್ ಪಂಪಿನ ಡಯಾಫ್ರಮ್ ಸೀಳಿತ್ತು. ನಮ್ಮ ಬೋರ್‌ವೆಲ್ ನೀರಾ ಹಾಕಿದ್ದ ರೇಡಿಯೇಟರ್ ಅಂತೂ ಸುಣ್ಣ ಕಟ್ಟಿ ಅರ್ಧ ಮುಚ್ಚಿತ್ತು. ಬೈಯ್ತಾರ ಅನ್ಕೊಂಡಿದ್ದೆ, ಅವ್ರು "ಎಂಟ್ ದಿನ ತಡೀಬೇಕಿತ್ತಪಾ" ಅಂದ್ರು ಅಷ್ಟ.

ಅವ್ರು ಹೇಳಿದ್ದು ನಾ ತಿಳ್ಕೊಂಡಷ್ಟು ಬರೀತೀನಿ. ನಾಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ ಒಂದೊಂದು ಸಿಲಿಂಡರಿನ್ಯಾಗ ಎರಡ್ಮೂರ್ ಚಮಚ ಇಂಜಿನ್ ಆಯಿಲ್, ಸ್ವಲ್ಪ ಡೀಸೆಲ್ ಕಲಸಿ ಬಿಟ್ಟು ಎಂಟ್ ದಿನ ನೆನ್ಯಾಕ ಬಿಡ್ಬೇಕು, ನಡುವ ಮತ್ತ ಹಾಕ್ಬೇಕು. ಅಷ್ಟ್ರಾಗ ಹಳೇ ಆಯಿಲ್ ಇಳಸಿ, ಸಂಪ್ ಬಿಚ್ಚಿ, ಜಾಳಿಗಿ ತೊಳದು, ಹೊಸಾ ಆಯಿಲ್ ಹಾಕ್ಬೇಕು. ಆಮ್ಯಾಲ ನ್ಯೂಟ್ರಲ್ ಇಟ್ಟು ಮುಂದಿನ ಪುಲ್ಲಿ ನಟ್ಟಿಗೆ ಪಾನಾ ಹಚ್ಚಿ ಕೈಲೇ ಹಿಂದ ಮುಂದ, ಒಂದೊಂದ್ ಸೂತ್ ಅಳ್ಳಾಡಸ್ಬೇಕು. ಪಾನಾಕ್ಕ ಪೈಪ್ ಹಾಕಿ ಜೋರ್ ಮಾಡಂಗಿಲ್ಲ, ಟ್ರ್ಯಾಕ್ಟರ್ ಅಂತೂ ದೂರನ ಇರ್ಲಿ. ಕೈಗೆ ಜಗ್ಗಲಿಲ್ಲ ಅಂದ್ರ ಹೆಡ್ ಬಿಚ್ಚಿ ನೋಡೋದು. ಪೂರಾ ಎರಡ್ ಸುತ್ತು ಹಗೂರ ತಿರಗಿದ್ರ, ಪ್ಲಗ್ ಹಾಕಲಾರ್ದನ ಸೆಲ್ಫ್ ಹೊಡದು ಮೊದ್ಲ ಆಯಿಲ್ ಪ್ರೆಶರ್ ಬರಸ್ಬೇಕು, ಲೈಟ್ ಆರಿದ ಮ್ಯಾಲನ ಪ್ಲಗ್ಗು ಪೆಟ್ರೋಲು. ಪೆಟ್ರೋಲೂ ಹಳೇ ಟ್ಯಾಂಕಿಂದಲ್ಲ, ಸಣ್ಣ ಡಬ್ಬಿಯಿಂದ ಹೊಸಾ ಪೈಪ್ ಹಾಕಿ ಕೊಡ್ಬೇಕು. ಈಗಿನ ಪೆಟ್ರೋಲಿನ್ಯಾಗ ಶೇ. 20ರ ತನಕ ಎಥನಾಲ್ ಇರ್ತೈತಿ, ಆ ಕಾಲದ ರಬ್ಬರ್ ಪೈಪಿಗೆ ಅದು ಆಗಿ ಬರಂಗಿಲ್ಲ, ಮೆತ್ತಗಾಗಿ ಸೀಳಿ ಬಿಸಿ ಇಂಜಿನ್ ಮ್ಯಾಲ ಸೋರಿದ್ರ ಬೆಂಕಿ ಹತ್ತೈತಿ. ಬಾಜೂಕ ಉಸುಕಿನ ಬಕೇಟ್ ಇಟ್ಕೋರಿ.

ಹೊಲದಾಗ ಟ್ರ್ಯಾಕ್ಟರ್ ಜಗ್ಗಿ ಚಾಲೂ ಮಾಡೂದು ನಾವೆಲ್ಲಾ ನೋಡೀವಿ, ಅದ್ಕ ನಂಬ್ತೀವಿ. ಬ್ಯಾಟರಿ ಇಳದ ಗಾಡಿಗೆ ಅದು ನಡೀತೈತಿ, ಜಾಮ್ ಆದ ಇಂಜಿನ್‌ಗೆ ನಡಿಯಂಗಿಲ್ಲ. ಈ ಫರಕ್ ತಿಳೀದವ್ರ ಕೈಯಾಗ ಗಾಡಿ ಕೊಡಬ್ಯಾಡ್ರಿ, ಎಷ್ಟ್ ಪರಿಚಯದವ್ರ ಇದ್ರೂ. ಇನ್ನ ಆರ್‌ಸಿ 15 ವರ್ಷದ ಮ್ಯಾಲ ರಿನ್ಯೂ ಆಗಿರ್ಬೇಕು, ಇನ್ಶೂರೆನ್ಸ್ ಇರ್ಬೇಕು, ಅದಾಗೋತನ ಗಾಡಿ ಚಾಲೂ ಆದ್ರೂ ರೋಡಿಗೆ ತರಬ್ಯಾಡ್ರಿ.

ಇಲ್ಲೀತನ 62 ಸಾವಿರ ಹೋಗೇತಿ. ಕ್ರ್ಯಾಂಕ್ ಗ್ರೈಂಡಿಂಗ್ ಆಗೇತಿ, ಪಿಸ್ಟನ್ ಸಿಗಲಾರ್ದಕ್ಕ ಬ್ಲಾಕ್ ಅಲ್ಲೇ ಬೆಳಗಾವಿಯಾಗ ಕುಂತೈತಿ. 1089 ಸಿಸಿ ಇಂಜಿನ್, ಸ್ಟ್ಯಾಂಡರ್ಡ್ ಬೋರ್ 68 ಮಿಮೀ, ಅದರ ಓವರ್‌ಸೈಜ್ (ಅದಕ್ಕಿಂತ ಸ್ವಲ್ಪ ದೊಡ್ಡ ಅಳತಿ) ಪಿಸ್ಟನ್ ರಿಂಗ್ ಸೆಟ್ ಬೇಕು. ಹುಬ್ಬಳ್ಳಿ, ಕೊಲ್ಲಾಪುರ, ಸೊಲ್ಲಾಪುರ ಕಡೆ ಯಾವ ಹಳೇ ಅಂಗಡ್ಯಾಗರ ನೋಡಿದ್ರ ತಿಳಸ್ರಿ, ಹೇಳಿದ ದಿನಾನ ಬಂದು ಒಯ್ತೀನಿ.