ವೈರ್‌ಲೆಸ್ ಹಾರ್ಟ್ ಮಾನಿಟರ್: ನಾಲ್ಕು ವರ್ಷ ಬಳಸಿದ ಮೇಲೆ

ನಾನು ಸ್ಟಾಫ್ ನರ್ಸ್. ನಮ್ಮ ವಾರ್ಡಿಗೆ ಈ ಟೆಲಿಮೆಟ್ರಿ ಸೆಟ್ ಬಂದು ನಾಲ್ಕು ವರ್ಷವಾಯಿತು. ಎದೆಗೆ ಐದು ಎಲೆಕ್ಟ್ರೋಡ್ ಅಂಟಿಸಿ, ಮೊಬೈಲಿಗಿಂತ ತುಸು ದಪ್ಪಗಿರುವ ಡಬ್ಬಿಯನ್ನು ಬಟ್ಟೆ ಚೀಲದಲ್ಲಿಟ್ಟು ಪೇಷೆಂಟ್ ಕೊರಳಿಗೆ ನೇತುಹಾಕುತ್ತೇವೆ, ಇಸಿಜಿ ಗೆರೆ ನಮ್ಮ ಟೇಬಲ್ ಮೇಲಿನ ಪರದೆಗೆ ಬರುತ್ತದೆ. ಬೈಪಾಸ್ ಆದವರು ಎದ್ದು ಓಡಾಡಲೇಬೇಕಲ್ವಾ? ಮೊದಲೆಲ್ಲ ವೈರ್ ಬಿಚ್ಚಿ ಕಾರಿಡಾರಿಗೆ ಕಳಿಸಿ, ಅವರು ವಾಪಸ್ ಬರುವ ತನಕ ಜೀವ ಕೈಯಲ್ಲಿ ಹಿಡಿದು ಕೂರುತ್ತಿದ್ದೆವು. ಆ ಕಾಟ ತಪ್ಪಿತು, ಅದಕ್ಕೆ ಪೂರ್ತಿ ಮಾರ್ಕ್ಸ್.

ಇನ್ನು ಗೋಳು. ಮೊದಲ ಮೂರು ತಿಂಗಳು ಮಧ್ಯಾಹ್ನ ಒಂದು ಗಂಟೆ ಆದರೆ ಸಾಕು, 12ನೇ ಬೆಡ್ಡಿನ ಗೆರೆ ಮಾಯ. ಎಲೆಕ್ಟ್ರೋಡ್ ಕಿತ್ತು ಬಂದರೆ 'ಲೀಡ್ ಆಫ್' ಅಂತ ಬರುತ್ತದೆ, ಇದು 'ಸಿಗ್ನಲ್ ಲಾಸ್'. ಓಡಿ ಹೋಗಿ ನೋಡಿದರೆ ಅಜ್ಜ ಆರಾಮಾಗಿ ಮೊಸರನ್ನ ಕಲಸುತ್ತಾ, 'ಏನಮ್ಮಾ, ಊಟ ಆಯ್ತಾ?' ಸೆಲ್ ಬದಲಿಸಿದೆವು, ಎಲೆಕ್ಟ್ರೋಡ್ ಬದಲಿಸಿದೆವು, ಕಂಪನಿಯವನು ಎರಡು ಸಲ ಬಂದು ಡಬ್ಬಿಯನ್ನೇ ಬದಲಿಸಿ ಹೋದ. ಕೊನೆಗೆ ಕಂಡುಹಿಡಿದಿದ್ದು ನಮ್ಮ ಆಯಾ. 'ಸಿಸ್ಟರ್, ಆ ಕಡೆ ಓವನ್ ಗುಯ್ ಅಂದಾಗಲೇ ಈ ಮಿಷನ್ನೂ ಬಡ್ಕೊಳ್ಳುತ್ತೆ ನೋಡಿ.'

ಗೋಡೆಯ ಆ ಕಡೆ ಪ್ಯಾಂಟ್ರಿ. ಮೈಕ್ರೋವೇವ್ ಓವನ್ ಕೆಲಸ ಮಾಡುವುದು 2.45 ಗಿಗಾಹರ್ಟ್ಸ್ ಆಸುಪಾಸಿನ ರೇಡಿಯೋ ಅಲೆಗಳಲ್ಲಿ, ನಮ್ಮ ಸೆಟ್ಟೂ 2.4ರಲ್ಲೇ, ವೈಫೈ ಬ್ಲೂಟೂತ್ ಕೂಡ ಅಲ್ಲೇ. ಲೈಸೆನ್ಸ್ ಬೇಡದ ಜಾಗ ನೋಡಿ, ಎಲ್ಲರೂ ಅಲ್ಲೇ ಅಂಗಡಿ ಹಾಕಿದ್ದಾರೆ. ಓವನ್ನನ್ನು ಕೆಳಗಿನ ಮಹಡಿಗೆ ಸಾಗಿಸಿದ ಮೇಲೆ 12ನೇ ಬೆಡ್ ಸುಮ್ಮನಾಯಿತು. ಆಮೇಲೆ ಸಂಜೆ ವಿಸಿಟಿಂಗ್ ಅವರ್ಸ್ ತಲೆನೋವು, ಒಬ್ಬೊಬ್ಬರ ಫೋನಿನಲ್ಲೂ ಹಾಟ್‌ಸ್ಪಾಟ್. ಯಂತ್ರಗಳ ರಿಪೇರಿ ನೋಡಿಕೊಳ್ಳುವ ಬಯೋಮೆಡಿಕಲ್‌ನವರು ಆಸ್ಪತ್ರೆ ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಹಾಕಿ, ಕಾರಿಡಾರಿಗೆ ಎರಡು ಆಂಟೆನಾ ಜಾಸ್ತಿ ಕೂರಿಸಿದರು. ಈಗ ಲಿಫ್ಟ್ ಹತ್ತಿರ ಮಾತ್ರ ಆಗಾಗ ಹೋಗುತ್ತದೆ.

ಇದು ನಮ್ಮೊಬ್ಬರ ಕಥೆಯಲ್ಲ ಬಿಡಿ. 1998ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಒಂದು ಟಿವಿ ಸ್ಟೇಷನ್ ಡಿಜಿಟಲ್ ಪ್ರಸಾರದ ಟೆಸ್ಟ್ ಶುರು ಮಾಡಿದ್ದೇ ತಡ, ಬೇಲರ್ ಆಸ್ಪತ್ರೆಯ ವೈರ್‌ಲೆಸ್ ಹಾರ್ಟ್ ಮಾನಿಟರ್‌ಗಳು ಕೈಕೊಟ್ಟವು. 2000ದಲ್ಲಿ ಅಲ್ಲಿನ ಸರ್ಕಾರ 608ರಿಂದ 614 ಮೆಗಾಹರ್ಟ್ಸ್ ಸೇರಿ ಮೂರು ಬ್ಯಾಂಡ್‌ಗಳನ್ನು, ಅಂದರೆ ರೇಡಿಯೋ ಅಲೆಗಳ ಪಟ್ಟಿಗಳನ್ನು, ಇಂಥ ಸೆಟ್‌ಗಳಿಗೆ ಅಂತ ಕೊಟ್ಟಿತು. ಆದರೆ ಅದು ಅಲ್ಲಿನ ನಿಯಮ. ಆ ಸೆಟ್ಟನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಇಲ್ಲಿಗೆ ತರಿಸಿದರೆ ಆ ರಕ್ಷಣೆ ಜೊತೆಗೆ ಬರುವುದಿಲ್ಲ.

ನನಗೆ ಇವತ್ತಿಗೂ ಸಿಟ್ಟು ಬರುವುದು ಒಂದಕ್ಕೆ: ಸಿಗ್ನಲ್ ಹೋದಷ್ಟು ಹೊತ್ತಿನ ಗೆರೆಯನ್ನು ಡಬ್ಬಿ ಉಳಿಸಿಕೊಳ್ಳುವುದಿಲ್ಲ. ಹೋಗಿದ್ದು ಹೋಯಿತು. ರೌಂಡ್ಸ್‌ನಲ್ಲಿ ಡಾಕ್ಟರ್ 'ಇಲ್ಲೇನಾಗಿತ್ತು ಸಿಸ್ಟರ್?' ಅಂದರೆ ಏನು ಹೇಳಲಿ, ಓವನ್‌ನಲ್ಲಿ ಸಾರು ಬಿಸಿಯಾಗ್ತಿತ್ತು ಸಾರ್ ಅಂತಲೇ?

5ಕ್ಕೆ 3.5 ಕೊಡುತ್ತೇನೆ. ತಗೊಳ್ಳುವವರು ಡೆಮೋವನ್ನು ಬೆಳಗ್ಗೆ ಹತ್ತಕ್ಕೆ ಖಾಲಿ ವಾರ್ಡಿನಲ್ಲಿ ನೋಡಬೇಡಿ. ಊಟದ ಹೊತ್ತಿಗೆ, ಓವನ್ ಹಾಕಿಸಿ, ಲಿಫ್ಟ್ ತನಕ ನಡೆದು ನೋಡಿ. ಪೆನ್ಸಿಲ್ ಸೆಲ್ ಖರ್ಚೂ ಲೆಕ್ಕಕ್ಕಿರಲಿ, ಎರಡು ದಿನಕ್ಕೊಮ್ಮೆ ಬದಲಿಸುತ್ತೇವೆ. ಡಬ್ಬಿಗೆ ಸಾಲದ ಸೆಲ್ ಗೋಡೆ ಗಡಿಯಾರಕ್ಕೆ ಧಾರಾಳ ಸಾಕು, ನಮ್ಮ ವಾರ್ಡಿನದು ನಾಲ್ಕು ವರ್ಷದಿಂದ ಅದರಲ್ಲೇ ಓಡುತ್ತಿದೆ.