ನೇಪಾಳಕ್ಕೆ ಆಧಾರ್ ಸಾಕು ಅಂದವರನ್ನು ನಂಬಬೇಡಿ

ಮುಂಬೈಯ ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ನಮ್ಮ ಕನ್ನಡದವರು ಗುಂಪು ಕಟ್ಟಿಕೊಂಡು ಮುಕ್ತಿನಾಥ, ಪಶುಪತಿನಾಥ ಯಾತ್ರೆಗೆ ಹೊರಡುವುದು ಈಗೀಗ ಜಾಸ್ತಿಯಾಗಿದೆ. ಪಶುಪತಿನಾಥನ ಪೂಜೆ ಮಾಡುವ ಭಟ್ಟರು ಕರ್ನಾಟಕದ ಕಡೆಯವರು. ಹಾಗಾಗಿ ಕಠ್ಮಂಡು ಅಂದರೆ ನಮಗೆ ಸ್ವಲ್ಪ ಸಲಿಗೆ, ಪರದೇಶ ಅನ್ನಿಸುವುದೇ ಇಲ್ಲ. ಪೆಟ್ಟು ಬೀಳುವುದೂ ಅಲ್ಲೇ. ರಸ್ತೆಯ ಗಡಿಯಲ್ಲಿ ಆಧಾರ್ ನೋಡಿ ಬಿಟ್ಟರು ಅಂತ ವಿಮಾನ ನಿಲ್ದಾಣದಲ್ಲಿ ಬಿಡುವುದಿಲ್ಲ. ನಮ್ಮ ಭಾವ ಕಠ್ಮಂಡುವಿನಲ್ಲಿ ಸಿಕ್ಕಿಹಾಕಿಕೊಂಡದ್ದು ಹೀಗೆ.

ಯಾತ್ರೆ ಏರ್ಪಾಡು ಮಾಡಿದವರು ನಮ್ಮ ಊರಿನ ಕಡೆಯವರೇ ಆದ ಒಬ್ಬ ಏಜೆಂಟ್. ಹೆಸರು ಬೇಡ. ಹೋಗುವಾಗ ಮುಂಬೈಯ ಎಲ್‌ಟಿಟಿ ನಿಲ್ದಾಣದಿಂದ ಗೋರಖ್‌ಪುರಕ್ಕೆ ರೈಲು, ಅಲ್ಲಿಂದ ಬಸ್ಸಿನಲ್ಲಿ ಸುನೌಲಿ ಗಡಿ ದಾಟಿ ಪೋಖರಾ, ಮುಕ್ತಿನಾಥ, ಕಠ್ಮಂಡು. ಬರುವಾಗ ವಿಮಾನ. ವಯಸ್ಸಾದವರಿಗೆ ವಾಪಸ್ ಬರುವಾಗ ಸುಸ್ತಾಗಬಾರದು ಅಂತ. ಲೆಕ್ಕಾಚಾರ ಚೆನ್ನಾಗಿಯೇ ಇತ್ತು. ಪಾಸ್‌ಪೋರ್ಟ್ ಬೇಕಾ ಅಂತ ನಾನು ವಾಟ್ಸಾಪ್‌ನಲ್ಲಿ ಕೇಳಿದ್ದೆ. "ನೇಪಾಳಕ್ಕೆ ಪಾಸ್‌ಪೋರ್ಟ್ ಯಾಕೆ ಸರ್, ಎಲ್ಲರೂ ಆಧಾರ್ ಒರಿಜಿನಲ್ ತನ್ನಿ ಸಾಕು" ಅಂತ ಉತ್ತರ ಬಂತು. ಆ ಮೆಸೇಜ್ ಇನ್ನೂ ನನ್ನ ಫೋನಿನಲ್ಲಿದೆ.

ಅರ್ಧ ನಿಜ ಅನ್ನುವುದು ಪೂರ್ತಿ ಸುಳ್ಳಿಗಿಂತ ಅಪಾಯ. ಭಾರತ-ನೇಪಾಳದ ನಡುವೆ 1950ರ ಒಪ್ಪಂದವಿದೆ, ನಮಗೆ ವೀಸಾ ಬೇಡ, ಪ್ರವೇಶ ಶುಲ್ಕವೂ ಇಲ್ಲ. ಪಾಸ್‌ಪೋರ್ಟ್ ಕಡ್ಡಾಯ ಅಲ್ಲ ಅನ್ನುವುದೂ ಸರಿ. ಆದರೆ ವಿಮಾನದಲ್ಲಿ ಹೋಗಿ ಬರುವುದಾದರೆ ಪಾಸ್‌ಪೋರ್ಟ್ ಇಲ್ಲದವರ ಕೈಯಲ್ಲಿ ಚುನಾವಣಾ ಆಯೋಗದ ವೋಟರ್ ಐಡಿ ಇರಲೇಬೇಕು. ಆಧಾರ್ ನಡೆಯುವುದು 15 ವರ್ಷದೊಳಗಿನವರಿಗೆ ಮತ್ತು 65 ದಾಟಿದವರಿಗೆ ಮಾತ್ರ. 2019ರಲ್ಲಿ ಕೇಂದ್ರ ಗೃಹ ಇಲಾಖೆ ಈ ಎರಡು ವಯಸ್ಸಿನವರಿಗೆ ಆಧಾರ್ ಸೇರಿಸಿತು. ಜನ ಅದನ್ನೇ ಎಲ್ಲರಿಗೂ ಅನ್ವಯಿಸಿಕೊಂಡು ಓಡಾಡುತ್ತಿದ್ದಾರೆ.

ಸುನೌಲಿಯಲ್ಲಿ ನಮ್ಮ ಬಸ್ ತುಂಬಾ ಹೊತ್ತು ನಿಂತಿತು. ಆದರೆ ನಮಗಾಗಿ ಅಲ್ಲ. ಭಾರತದ ಗಾಡಿ ನೇಪಾಳದೊಳಗೆ ಹೋಗಬೇಕಾದರೆ ಭನ್ಸಾರ್ ಕಟ್ಟಬೇಕು, ಅಂದರೆ ದಿನದ ಲೆಕ್ಕದಲ್ಲಿ ಅಲ್ಲಿನ ಕಸ್ಟಮ್ಸ್‌ಗೆ ಕೊಡುವ ಹಣ. ಆ ಚೀಟಿಗೆ ಡ್ರೈವರ್ ಸಾಲಿನಲ್ಲಿ ನಿಂತಿದ್ದ. ಮುಂದೆ ಲಾರಿಗಳ ಸಾಲು, ಧೂಳು, ಬಿಸಿಲು. ಕಿಟಕಿ ಬಳಿ ಬಂದ ಒಬ್ಬ "ಎಂಟ್ರಿ ಮಾಡಿಸಿಕೊಡ್ತೀನಿ, ತಲೆಗೆ ಇನ್ನೂರು" ಅಂತ ಹಿಂದಿಯಲ್ಲಿ ಶುರು ಮಾಡಿದ. ಕೊಡಬೇಡಿ, ಅಂಥ ಶುಲ್ಕವೇ ಇಲ್ಲ. ನಮ್ಮ ಕಾಗದವನ್ನು ಯಾರೂ ಸರಿಯಾಗಿ ನೋಡಲಿಲ್ಲ. ಒಬ್ಬ ಜವಾನ ಬಸ್ಸಿನೊಳಗೆ ಬಂದು ನಾಲ್ಕಾರು ಆಧಾರ್ ಮೇಲೆ ಕಣ್ಣಾಡಿಸಿ ಇಳಿದು ಹೋದ. "ನೋಡಿದ್ಯಾ ಮಾರಾಯ, ಸುಮ್ನೆ ಹೆದರ್ತಿದ್ದೆ" ಅಂತ ಭಾವ ನಕ್ಕರು.

ಯಾತ್ರೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ದರ್ಶನ ಚೆನ್ನಾಗಿ ಆಯಿತು.

ಕಠ್ಮಂಡುವಿನ ತ್ರಿಭುವನ್ ವಿಮಾನ ನಿಲ್ದಾಣದ ಕೌಂಟರಿನಲ್ಲಿ ನಮ್ಮಮ್ಮ ಮೊದಲು. ಎಪ್ಪತ್ತೆರಡು ವರ್ಷ, ಆಧಾರ್ ತೋರಿಸಿದರು, ಬೋರ್ಡಿಂಗ್ ಪಾಸ್ ಬಂತು. ನಂದು ಪಾಸ್‌ಪೋರ್ಟ್, ಅದೂ ಆಯಿತು. ಆಮೇಲೆ ಭಾವ. ಅಕ್ಕ ಮೊಣಕಾಲು ನೋವೆಂದು ಬಂದಿರಲಿಲ್ಲ, ಅವರೊಬ್ಬರೇ. ಕೌಂಟರಿನ ಹುಡುಗಿ ಆಧಾರ್ ತೆಗೆದುಕೊಂಡು ಫೋಟೋ ನೋಡಲಿಲ್ಲ, ಹೆಸರು ನೋಡಲಿಲ್ಲ, ನೇರ ಹುಟ್ಟಿದ ತಾರೀಖಿನ ಮೇಲೆ ಬೆರಳಿಟ್ಟಳು. ಅರವತ್ತೊಂದು. "ವೋಟರ್ ಐಡಿ?" ಅಂದಳು. ಭಾವ ಪರ್ಸಿನಲ್ಲಿದ್ದದ್ದೆಲ್ಲ ಇಸ್ಪೀಟಿನ ಎಲೆ ಹರಡಿದ ಹಾಗೆ ಕೌಂಟರ್ ಮೇಲೆ ಹರಡಿದರು: ಪ್ಯಾನ್, ಡ್ರೈವಿಂಗ್ ಲೈಸೆನ್ಸ್, ಬ್ಯಾಂಕಿನ ನಿವೃತ್ತ ನೌಕರರ ಕಾರ್ಡ್. ಪ್ಯಾನೂ ಲೈಸೆನ್ಸೂ ಆ ಎರಡು ವಯಸ್ಸಿನವರಿಗಷ್ಟೇ. ಅವಳು ಒಂದೊಂದನ್ನೇ ಜೋಡಿಸಿ ವಾಪಸ್ ಕೊಟ್ಟಳು. ಮಾತು ಜೋರು ಮಾಡಲಿಲ್ಲ, ಬಿಡಲೂ ಇಲ್ಲ. ಅವಳದ್ದು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಭಾವನ ವೋಟರ್ ಕಾರ್ಡ್ ಇತ್ತು. ಕುಂದಾಪುರದ ಮನೆಯ ಕಪಾಟಿನಲ್ಲಿ! ಮುಂಬೈಯಲ್ಲಿ ನಮ್ಮ ಎಷ್ಟೋ ಜನರದ್ದು ಇದೇ ಕತೆ. ಕೆಲಸ ಇಲ್ಲಿ, ವೋಟು ಊರಲ್ಲಿ. ಅಕ್ಕ ಊರಿಗೆ ಫೋನ್ ಮಾಡಿ ಕಾರ್ಡಿನ ಫೋಟೋ ತರಿಸಿದರು. ಮೊಬೈಲಿನಲ್ಲಿ ತೋರಿಸಿದೆವು. ಒರಿಜಿನಲ್ ಬೇಕು ಅಂದರು. ಏಜೆಂಟ್‌ಗೆ ಹಚ್ಚಿದ ಫೋನ್ ಮೊದಲು ರಿಂಗಾಯಿತು, ಆಮೇಲೆ ಸ್ವಿಚ್ ಆಫ್.

ಕಠ್ಮಂಡುವಿನ ಲೈಂಚೌರ್‌ನಲ್ಲಿ ನಮ್ಮ ರಾಯಭಾರ ಕಚೇರಿ ಇದೆ. ಇಂಥ ಹೊತ್ತಿನಲ್ಲಿ ಅವರು ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡಬಹುದು, ಅದು ಭಾರತಕ್ಕೆ ಒಂದು ಸಲ ವಾಪಸ್ ಬರಲು ಮಾತ್ರ. ಆದರೆ ಅವತ್ತು ಶುಕ್ರವಾರ ಸಂಜೆ. ಮುಂದಿನ ವಾರದವರೆಗೆ ಹೋಟೆಲ್ ಬಾಡಿಗೆ ಕೊಟ್ಟುಕೊಂಡು ಕೂರುವ ಬದಲು ಬಸ್ ಹತ್ತೋಣ ಅಂದರು ಭಾವ. ಅಮ್ಮನನ್ನು ಗುಂಪಿನವರ ಜೊತೆ ವಿಮಾನ ಹತ್ತಿಸಿ ನಾನು ಅವರ ಜೊತೆ ಉಳಿದೆ.

ರಾತ್ರಿ ಬಸ್ಸಿನ ಬಗ್ಗೆ ಏನು ಹೇಳುವುದು. ಮುಗ್ಲಿಂಗ್‌ವರೆಗೆ ಘಾಟಿ, ನಾರಾಯಣಘಾಟ್ ದಾಟಿ ಬುಟವಲ್ ಕಡೆಗೆ ಅಗೆದು ಹಾಕಿದ ರಸ್ತೆ. ಭಾವನಿಗೆ ಸಕ್ಕರೆ ಕಾಯಿಲೆ, ಬಸ್ ನಿಂತಲ್ಲೆಲ್ಲ ಇಳಿಯಬೇಕು. ಬೆಳಗ್ಗೆ ಗಡಿಯ ಬೇಲಹಿಯಾದಲ್ಲಿ ಇಳಿದು, ಚೀಲ ಹೊತ್ತುಕೊಂಡು ನಡೆದೇ ಈ ಕಡೆ ಬಂದೆವು. ನಮ್ಮ ಗಡಿ ಕಾಯುವ ಎಸ್‌ಎಸ್‌ಬಿ ಜವಾನ ಭಾವನ ಆಧಾರ್ ನೋಡಿದ, "ಜಾಯಿಯೇ" ಅಂದ. ಅದೇ ಕಾರ್ಡು! ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಗೋರಖ್‌ಪುರಕ್ಕೆ ಜೀಪು, ಅಲ್ಲಿ ತತ್ಕಾಲ್‌ಗೆ ಪರದಾಟ, ಕೊನೆಗೆ ಕಲ್ಯಾಣದಲ್ಲಿ ಇಳಿದಾಗ ಭಾವನ ಕಾಲು ಊದಿಕೊಂಡಿತ್ತು.

ಹೊರಡುವವರು ಏನು ನೋಡಿಕೊಳ್ಳಬೇಕು ಅಂದರೆ, ಟಿಕೆಟ್ ಮಾಡಿಸುವ ಮೊದಲು ಗುಂಪಿನಲ್ಲಿ ಪ್ರತಿಯೊಬ್ಬರ ವಯಸ್ಸು ಕೇಳಿ. 15ರಿಂದ 65ರ ಮಧ್ಯೆ ಇದ್ದವರ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಒರಿಜಿನಲ್ ಕಣ್ಣಾರೆ ನೋಡಿ. ಪಾಸ್‌ಪೋರ್ಟ್ ಆದರೆ ಅವಧಿ ಮುಗಿದಿರಬಾರದು. ಹನ್ನೊಂದನೇ, ಹನ್ನೆರಡನೇ ಕ್ಲಾಸಿನ ಮಕ್ಕಳ ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. 15ರಿಂದ 18ರವರಿಗೆ ವೋಟರ್ ಕಾರ್ಡ್ ಇರುವುದಿಲ್ಲವಲ್ಲ, ಪಾಸ್‌ಪೋರ್ಟ್ ಇಲ್ಲದಿದ್ದರೆ ನಿಗದಿತ ನಮೂನೆಯಲ್ಲಿ ಪ್ರಿನ್ಸಿಪಾಲರು ಕೊಟ್ಟ ಗುರುತಿನ ಪತ್ರ ಬೇಕು. ಕೊರಳಿಗೆ ಹಾಕುವ ಕಾಲೇಜು ಕಾರ್ಡ್ ಅದಲ್ಲ. ನಿಮ್ಮ ವೋಟರ್ ಕಾರ್ಡ್ ಕಳೆದುಹೋಗಿದ್ದರೆ, ಅಥವಾ ಹೆಸರನ್ನು ಮುಂಬೈಗೆ ತರಬೇಕಿದ್ದರೆ ಎರಡಕ್ಕೂ ಚುನಾವಣಾ ಆಯೋಗದ ಫಾರ್ಮ್ 8. ಯಾತ್ರೆ ಹತ್ತಿರ ಬಂದ ಮೇಲೆ ಹಾಕಿದರೆ ಪ್ರಯೋಜನವಿಲ್ಲ. ಭೂತಾನ್‌ಗೂ ದೊಡ್ಡವರಿಗೆ ಪಾಸ್‌ಪೋರ್ಟ್ ಇಲ್ಲವೇ ವೋಟರ್ ಐಡಿ. ಮೇಲಿಂದ ರಾತ್ರಿಗೆ ತಲೆಗೆ 1,200 ರೂಪಾಯಿ ಶುಲ್ಕ ಬೇರೆ. "ನೇಪಾಳದ ಹಾಗೇ ಸರ್" ಅನ್ನುವ ಏಜೆಂಟರಿಗೆ ಇದನ್ನೂ ಕೇಳಿ ನೋಡಿ.

ನಮ್ಮ ಏಜೆಂಟ್ ಆಮೇಲೆ ಸಿಕ್ಕಿದ. "ಕಾಗದಪತ್ರ ಪ್ರಯಾಣಿಕರ ಜವಾಬ್ದಾರಿ ಅಂತ ರಸೀದಿ ಹಿಂದೆ ಬರೆದಿದೆ" ಅಂದ. ಬರೆದಿದೆ, ನಿಜ, ಭೂತಗನ್ನಡಿ ಹಿಡಿದರೆ ಕಾಣುತ್ತದೆ. ವಾಟ್ಸಾಪ್ ಮೆಸೇಜ್ ತೋರಿಸಿದ ಮೇಲೆ ಮಾತು ಬದಲಿಸಿದ, ಹಣ ಬಿಚ್ಚಲಿಲ್ಲ. ಗ್ರಾಹಕರ ವೇದಿಕೆಗೆ ಹೋಗಲು ಆ ಮೆಸೇಜ್ ಇಟ್ಟುಕೊಂಡಿದ್ದೇವೆ. ವಿಮಾನದ ಟಿಕೆಟ್ ಹಣ ಹೋಯಿತು. ಆದರೆ ನಮ್ಮ ದೇಶದ ವಿಮಾನ ಕಂಪನಿಗಳು ಹತ್ತದೇ ಉಳಿದ ಪ್ರಯಾಣಿಕರಿಗೂ ತೆರಿಗೆ ಮತ್ತು ನಿಲ್ದಾಣದ ಶುಲ್ಕವನ್ನು ವಾಪಸ್ ಕೊಡಬೇಕು ಅಂತ ನಿಯಮವಿದೆ. ತಾವಾಗಿ ಯಾರೂ ಹೇಳುವುದಿಲ್ಲ, ಅರ್ಜಿ ಹಾಕಿ ಕೇಳಬೇಕು. ಭಾವ ಕೇಳಿದರು, ಅಷ್ಟು ಬಂತು.