ಬೆಲ್ಟ್ ಮಾತ್ರ ಹೊಸದು, ಪುಲ್ಲಿಗಳು ಹಳೆಯವು: ಈ ಉಳಿತಾಯಕ್ಕೆ ಯಾರೂ ಒಪ್ಪಬೇಡಿ

ಕಾರಿನ ಟೈಮಿಂಗ್ ಬೆಲ್ಟ್ (ಎಂಜಿನ್ನಿನ ಪಿಸ್ಟನ್, ವಾಲ್ವ್‌ಗಳ ತಾಳ ಕೂಡಿಸುವ ಹಲ್ಲಿನ ಬೆಲ್ಟ್) ಬದಲಾಯಿಸಲು ಗ್ಯಾರೇಜಿಗೆ ಬಿಡುವವರಿದ್ದರೆ, ಬಿಡುವ ಮೊದಲು ದಯವಿಟ್ಟು ಇದನ್ನು ಓದಿ. ಬೆಲ್ಟಿನ ಜೊತೆಗೆ ಅದನ್ನು ಬಿಗಿಯಾಗಿಡುವ ಟೆನ್ಷನರ್ ಬದಲಾಗಬೇಕು, ಅದಕ್ಕೆ ದಾರಿ ತೋರಿಸುವ ಗಾಲಿ ಐಡ್ಲರ್ ಪುಲ್ಲಿ ಹೋಗಬೇಕು, ಅದೇ ಬೆಲ್ಟಿನಿಂದ ತಿರುಗುವ ವಾಟರ್ ಪಂಪ್ ಇದ್ದರೆ ಅದೂ ಹೋಗಬೇಕು. "ಹಳೆಯದೇ ಗಟ್ಟಿ ಉಂಟು" ಎಂದು ಯಾರೇ ಹೇಳಿದರೂ ಒಪ್ಪಬೇಡಿ. ನಮ್ಮ ಕಾರಿನ ಎಂಜಿನ್ ಹಾಳಾದದ್ದು ಬೆಲ್ಟ್ ಹಳತಾಗಿ ಅಲ್ಲ. ಹೊಸ ಬೆಲ್ಟ್ ಹಾಕಿಸಿ ವರ್ಷವೂ ತುಂಬಿರಲಿಲ್ಲ.

ನಮ್ಮದು ಡೀಸೆಲ್ ಕಾರು. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಹೇಳಿದಷ್ಟು ಕಿಲೋಮೀಟರ್ ಆಗುತ್ತಾ ಬಂದಿತ್ತೆಂದು ಮಂಗಳೂರಿನ ಒಂದು ಗ್ಯಾರೇಜಿಗೆ ಕೊಟ್ಟೆವು. ಹೆಸರು ಹಾಕುವುದಿಲ್ಲ. ಟೈಮಿಂಗ್ ಕೆಲಸ ಪೂರ್ತಿ ಮಾಡಿ, ಒಂದೂ ಹಳೆಯದು ಇಡಬೇಡಿ ಎಂದು ಹೇಳಿಯೇ ಕೀಲಿ ಕೊಟ್ಟದ್ದು. ಸಂಜೆ ಹೋದಾಗ "ಎಲ್ಲ ಆಗಿದೆ ಸರ್, ಇನ್ನು ಎಂತ ಟೆನ್ಷನ್ ಇಲ್ಲ" ಎಂದರು. ಬಿಲ್ಲಿನಲ್ಲಿ ಇದ್ದದ್ದು ಒಂದೇ ಸಾಲು: ಟೈಮಿಂಗ್ ಬೆಲ್ಟ್ ಕೆಲಸ, ಮಜೂರಿ ಸೇರಿ.

ಕೆಲವು ತಿಂಗಳ ನಂತರ ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಎಂಜಿನ್ನಿನ ಒಂದು ಬದಿಯಿಂದ ಗುಂಯ್ ಎಂಬ ಸದ್ದು ಬರತೊಡಗಿತು. ಎಂಜಿನ್ ಬಿಸಿಯಾದ ಮೇಲೆ ಇಲ್ಲ. ಅದೇ ಗ್ಯಾರೇಜಿಗೆ ಹೋಗಿ ಕೇಳಿಸಿದೆ. ಹೊರಗಿನ ಆಲ್ಟರ್ನೇಟರ್ ಬೆಲ್ಟಿನ ಸದ್ದು ಎಂದು ಏನೋ ಸ್ಪ್ರೇ ಹೊಡೆದು ಕಳುಹಿಸಿದರು. ಟೈಮಿಂಗ್ ಕವರ್ ಬಿಚ್ಚಿ ಒಳಗೆ ಇಣುಕಲೇ ಇಲ್ಲ.

ಅಮ್ಮನನ್ನು ಕೂರಿಸಿಕೊಂಡು ಉಡುಪಿಗೆ ಹೋಗುತ್ತಿದ್ದೆ. ಹೆಜಮಾಡಿ ಟೋಲ್ ದಾಟಿ ಪಡುಬಿದ್ರಿ ಕಡೆಗೆ ವೇಗ ಹಿಡಿದಾಗ ಬಾನೆಟ್ ಒಳಗೆ ಟಪ್ ಎಂದಿತು, ಎಂಜಿನ್ ಸತ್ತಿತು. ಸ್ಟೇರಿಂಗ್ ಬಿಗಿ, ಬ್ರೇಕ್ ಬಿಗಿ, ಹಿಂದೆ ಮೀನಿನ ಲಾರಿ. ಹೇಗೋ ಎಡಕ್ಕೆ ತಂದು ನಿಲ್ಲಿಸಿದೆ. ಸೆಲ್ಫ್ ಹೊಡೆದರೆ ಎಂಜಿನ್ ಖಾಲಿ ಮಿಕ್ಸಿಯ ಹಾಗೆ ಹಗುರವಾಗಿ ಸುತ್ತಿತು, ಒಳಗೆ ಗಾಳಿ ಒತ್ತುವ ಬಿಗಿ, ಅಂದರೆ ಕಂಪ್ರೆಷನ್ನೇ ಇಲ್ಲ. ಹೀಗಾದರೆ ಇನ್ನೊಮ್ಮೆ ಸೆಲ್ಫ್ ಹೊಡೆಯಬೇಡಿ, ಪಿಸ್ಟನ್ ಮತ್ತೆ ವಾಲ್ವಿಗೆ ಬಡಿಯಬಹುದು. ತಳ್ಳಿ ಸ್ಟಾರ್ಟ್ ಮಾಡಲಂತೂ ಬಿಡಲೇಬೇಡಿ. ನನಗೆ ಸಹಾಯಕ್ಕೆಂದು ನಿಂತವರೊಬ್ಬರು "ತಳ್ಳುವ ಮಾರಾಯ್ರೆ, ಸೆಕೆಂಡ್ ಗೇರಿಗೆ ಹಾಕಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಆದರೆ ಅದನ್ನು ಕೇಳಿದ್ದರೆ ಉಳಿದದ್ದೂ ಹೋಗುತ್ತಿತ್ತು.

ಉಡುಪಿಯ ಗ್ಯಾರೇಜಿನಲ್ಲಿ ಕವರ್ ತೆಗೆದಾಗ ಎಲ್ಲವೂ ಕಣ್ಣೆದುರಿಗೇ ಇತ್ತು. ಬೆಲ್ಟ್ ನಿಜವಾಗಿಯೂ ಹೊಸದು. ಬೆನ್ನಿನ ಮೇಲಿನ ಅಕ್ಷರಗಳು ಅಳಿಸಿರಲಿಲ್ಲ, ಹಲ್ಲು ಒಂದೂ ಸವೆದಿರಲಿಲ್ಲ. ಒಂದು ಅಂಚು ಮಾತ್ರ ನಾರುನಾರಾಗಿ ಬಿಟ್ಟುಕೊಂಡು, ಬೆಲ್ಟ್ ಪೂರ್ತಿ ಹೊರಗೆ ಜಾರಿತ್ತು. ಐಡ್ಲರ್ ಪುಲ್ಲಿಯ ಬೇರಿಂಗ್ ಸಿಕ್ಕಿಹಾಕಿಕೊಂಡಿತ್ತು. ಅದರ ಪ್ಲಾಸ್ಟಿಕ್ ಸುತ್ತು ಬಿಸಿಗೆ ಕರಗಿ ಓರೆಯಾಗಿತ್ತು. ಒಡೆದು ನೋಡಿದರೆ ಗ್ರೀಸ್ ಇರಬೇಕಾದಲ್ಲಿ ಕಪ್ಪು ಹುಡಿ, ಗುಂಡುಗಳಿಗೆ ನೀಲಿ ಬಣ್ಣ ಹಿಡಿದಿತ್ತು. ಸ್ಟೀಲ್ ಹಾಗೆ ನೀಲಿಯಾಗಬೇಕಾದರೆ ಅದೆಷ್ಟು ಕಾದಿರಬೇಕು!

ಅಲ್ಲಿನ ಫಿಟ್ಟರ್ ತೋರಿಸಿದ ಒಂದು ವಿಷಯ ಎಲ್ಲರಿಗೂ ಗೊತ್ತಿರಬೇಕು. ಹಳೆಯ ಟೆನ್ಷನರ್ ಪುಲ್ಲಿ ಇನ್ನೂ ಸಿಕ್ಕಿಕೊಂಡಿರಲಿಲ್ಲ. ಅದನ್ನು ಬೆರಳಿನಿಂದ ಮೀಟಿದರು. ಗರಗರ ಎನ್ನುತ್ತಾ ಸುತ್ತುತ್ತಲೇ ಇತ್ತು. ಹೊಸದನ್ನು ಮೀಟಿದರೆ ಸದ್ದಿಲ್ಲ, ಒಂದು ಸುತ್ತೂ ಬರದೆ ನಿಂತಿತು. ಒಳಗೆ ಗ್ರೀಸ್ ತುಂಬಿಕೊಂಡಿದ್ದರೆ ಅದು ಸ್ವಲ್ಪ ಹಿಡಿದೇ ತಿರುಗಬೇಕು. ಗಿರ್ರನೆ ತಿರುಗುವ ಪುಲ್ಲಿ ಎಂದರೆ ಗ್ರೀಸ್ ಒಣಗಿದ ಪುಲ್ಲಿ. ಮಂಗಳೂರಿನವರು ಆಮೇಲೆ ನನಗೆ ಕೊಟ್ಟ ಸಮಜಾಯಿಷಿ ಏನೆಂದರೆ, "ಕೈಯಲ್ಲಿ ತಿರುಗಿಸಿ ನೋಡಿದ್ದೇವೆ ಸರ್, ಒಳ್ಳೆ ಫ್ರೀ ಇತ್ತು." ಕೆಟ್ಟದ್ದರ ಗುರುತನ್ನೇ ಒಳ್ಳೆಯದರ ಗುರುತೆಂದು ತಿಳಿದು ಹಳೆಯದನ್ನು ವಾಪಸು ಕೂರಿಸಿದ್ದರು. ಹೀಗೆ ತಿಳಿದುಕೊಂಡವರು ಅವರೊಬ್ಬರೇ ಇರಲಾರರು ಎಂಬುದೇ ನನ್ನ ಭಯ.

ಈ ಬೇರಿಂಗುಗಳ ಕೆಲಸ ಎಷ್ಟೆಂದು ಲೆಕ್ಕ ಹಾಕಿ. ಎಂಜಿನ್ ನಿಮಿಷಕ್ಕೆ 2,000 ಸುತ್ತು ಸುತ್ತುವಾಗ ಪುಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಸುತ್ತುತ್ತದೆ. ಗಂಟೆಗೆ 1,20,000 ಸುತ್ತು. ಸರಾಸರಿ 50 ಕಿ.ಮೀ. ವೇಗದಲ್ಲಿ 1 ಲಕ್ಷ ಕಿ.ಮೀ. ಓಡಿದ ಕಾರು ಎಂದರೆ 2,000 ಗಂಟೆ, 24 ಕೋಟಿ ಸುತ್ತು. ಇಷ್ಟಕ್ಕೂ ತಯಾರಿಸುವಾಗ ತುಂಬಿಸಿ ಸೀಲ್ ಮಾಡಿದ ಗ್ರೀಸೇ ಗತಿ, ಮತ್ತೆ ಹಾಕಲು ದಾರಿಯಿಲ್ಲ. ಬೆಲ್ಟ್ ಎಷ್ಟು ಓಡಿದೆಯೋ ಪುಲ್ಲಿಯೂ ಅಷ್ಟೇ ಓಡಿದೆ. ಒಂದಕ್ಕೆ ಆಯುಷ್ಯ ಮುಗಿಯಿತು ಎನ್ನುವವರು ಇನ್ನೊಂದಕ್ಕೆ ಇನ್ನೂ ಅಷ್ಟೇ ಆಯುಷ್ಯ ಉಂಟು ಎಂದು ಯಾವ ಧೈರ್ಯದಲ್ಲಿ ಹೇಳುತ್ತಾರೆ?

ಟೆನ್ಷನರಿನ ಸ್ಪ್ರಿಂಗ್ ಕೂಡ ಸೋತಿರುತ್ತದೆ. ಬಿಗಿ ಸಾಲದೆ ಹೋದರೆ ಬೆಲ್ಟ್ ಹಲ್ಲು ಜಿಗಿಯುತ್ತದೆ, ಕ್ರ್ಯಾಂಕಿಗೂ (ಪಿಸ್ಟನ್‌ಗಳಿಗೆ ಜೋಡಿಸಿದ ದಂಡ) ಕ್ಯಾಮಿಗೂ (ವಾಲ್ವ್ ತೆರೆಯುವ ದಂಡ) ತಾಳ ತಪ್ಪುತ್ತದೆ. ಕ್ರ್ಯಾಂಕ್ ಎರಡು ಸುತ್ತು ಬರುವಾಗ ಕ್ಯಾಮ್ ಸರಿಯಾಗಿ ಒಂದು ಸುತ್ತು ಬರಬೇಕು. ಅದು ತಪ್ಪಿದರೆ ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಬಂದು ತೆರೆದ ವಾಲ್ವಿಗೆ ಬಡಿಯುತ್ತದೆ. ನಮ್ಮ ಪಿಸ್ಟನ್‌ಗಳ ತಲೆಯ ಮೇಲೆ ವಾಲ್ವ್ ಬಡಿದ ಅರ್ಧಚಂದ್ರದ ಗುರುತುಗಳಿದ್ದವು. ವಾಲ್ವ್‌ಗಳು ಬಗ್ಗಿದ್ದವು, ವಾಲ್ವ್ ಜಾರುವ ಗೈಡ್ ಒಡೆದಿತ್ತು. ಎಂಜಿನ್ನಿನ ಮೇಲ್ಭಾಗವಾದ ಹೆಡ್ ಇಳಿಸಿ ಲೇತಿಗೆ ಕಳುಹಿಸಿ, ವಾಲ್ವ್, ಗ್ಯಾಸ್ಕೆಟ್, ಹೆಡ್ ಬೋಲ್ಟ್, ಜೊತೆಗೆ ಪೂರ್ತಿ ಟೈಮಿಂಗ್ ಕಿಟ್ ಎಂದು 60,000 ರೂಪಾಯಿ ದಾಟಿತು. ಪುಲ್ಲಿ, ಟೆನ್ಷನರ್ ಬಿಟ್ಟು ಉಳಿಸಿದ್ದು ಕೆಲವೇ ಸಾವಿರ.

ವಾಟರ್ ಪಂಪಿನದೂ ಇದೇ ಕಥೆ. ಡಸ್ಟರ್ ಡೀಸೆಲ್, ಪೋಲೋ, ವೆಂಟೋದ ಟಿಡಿಐ ಡೀಸೆಲ್ ಇಂಥ ಎಂಜಿನ್‌ಗಳಲ್ಲಿ ಪಂಪನ್ನು ತಿರುಗಿಸುವುದು ಟೈಮಿಂಗ್ ಬೆಲ್ಟೇ. ಪಂಪಿನ ಸೀಲ್ ಸೋರಿದರೆ ಕೂಲೆಂಟ್ ಬೆಲ್ಟಿಗೆ ಬೀಳುತ್ತದೆ, ಬೇರಿಂಗ್ ಹಿಡಿದರೆ ಬೆಲ್ಟೇ ಹೋಗುತ್ತದೆ. ಕೂಲೆಂಟ್ ಬದಲು ಬಾವಿ ನೀರು ತುಂಬಿಸಿ ಓಡಿಸಿದ ಕಾರಾದರೆ ತುಕ್ಕು ಹಿಡಿದು ಸೀಲ್ ಇನ್ನೂ ಬೇಗ ಹೋಗುತ್ತದೆ. ಬೆಲ್ಟಿನ ಬುಡಕ್ಕೆ ತಲುಪಲು ಚಕ್ರ, ಎಂಜಿನ್ ಮೌಂಟ್, ಕ್ರ್ಯಾಂಕ್ ಪುಲ್ಲಿ ಎಲ್ಲ ಬಿಚ್ಚಿ ಆಗಿರುತ್ತದೆ. ಪಂಪ್ ಮುಂದೆ ನೋಡುವ ಎಂದು ಬಿಟ್ಟರೆ ಅದೇ ಮಜೂರಿ ಎರಡನೇ ಸಲ. ಹಳೆಯ 2.5 ಡೀಸೆಲ್ ಇನ್ನೋವಾದಲ್ಲಿ ಪಂಪ್ ಈ ಬೆಲ್ಟಿನಲ್ಲಿ ಇಲ್ಲ, ಅಲ್ಲಿ ಅದನ್ನು ಬೇರೆಯಾಗಿಯೇ ನೋಡಬಹುದು. ಅದರ ಡ್ಯಾಶ್‌ಬೋರ್ಡಿನ ಟೈಮಿಂಗ್ ಬೆಲ್ಟ್ ದೀಪ ಲೆಕ್ಕ ಇಡುವುದು ಕಿಲೋಮೀಟರನ್ನು ಮಾತ್ರ, ಪುಲ್ಲಿಯ ಸ್ಥಿತಿ ಅದಕ್ಕೆ ತಿಳಿಯದು. ಸ್ವಿಫ್ಟಿನ 1.3 ಡೀಸೆಲ್‌ನಂಥ ಚೈನ್ ಎಂಜಿನ್ನಿಗೆ ಈ ಮಾತು ಯಾವುದೂ ಅನ್ವಯಿಸುವುದಿಲ್ಲ.

ಹಾಗೆಂದು ಕಂಡದ್ದೆಲ್ಲ ಬದಲಾಯಿಸಬೇಕಿಲ್ಲ. ಕ್ಯಾಮ್, ಕ್ರ್ಯಾಂಕಿನ ಹಲ್ಲಿನ ಚಕ್ರಗಳು, ಪ್ಲಾಸ್ಟಿಕ್ ಕವರ್ ಚೆನ್ನಾಗಿದ್ದರೆ ಅವೇ ಸಾಕು. ಆದರೆ ಬಿಗಿಯುವಾಗ ಎಳೆದುಕೊಳ್ಳುವ ಜಾತಿಯ ಬೋಲ್ಟುಗಳಿದ್ದರೆ, ಕಂಪನಿ ಹೊಸದು ಹಾಕಿ ಎಂದಲ್ಲಿ ಹೊಸದೇ ಹಾಕಬೇಕು. ಬೆಲ್ಟ್, ಟೆನ್ಷನರ್, ಐಡ್ಲರ್ ಒಂದೇ ಡಬ್ಬಿಯಲ್ಲಿ ಕಿಟ್ ಆಗಿ ಸಿಗುತ್ತವೆ, ಪಂಪ್ ಸೇರಿದ ಕಿಟ್ಟೂ ಉಂಟು. ಡಬ್ಬಿ ನಿಮ್ಮೆದುರಿಗೇ ತೆರೆಯಲಿ. ತೆಗೆದ ಹಳೆಯ ಸಾಮಾನು ಎಲ್ಲವೂ ನನ್ನ ಡಿಕ್ಕಿಯಲ್ಲಿ ಇರಬೇಕು ಎಂದು ಮೊದಲೇ ಹೇಳಿ. ಇದಕ್ಕೆ ಮುಖ ಗಂಟಿಕ್ಕುವ ಗ್ಯಾರೇಜಿನಿಂದ ಕೀಲಿ ವಾಪಸು ತೆಗೆದುಕೊಳ್ಳಿ. ಸೆಕೆಂಡ್ ಹ್ಯಾಂಡ್ ಕಾರು ನೋಡುವವರು "ಬೆಲ್ಟ್ ಚೇಂಜ್ ಆಗಿದೆ" ಎಂಬ ಮಾತಿಗೆ ಬೆಲೆ ಏರಿಸುವ ಮೊದಲು ಬಿಲ್ ಕೇಳಿ, ಅದರಲ್ಲಿ ಟೆನ್ಷನರ್ ಎಂಬ ಸಾಲು ಉಂಟೋ ನೋಡಿ.

ಇನ್ಶೂರೆನ್ಸಿನಿಂದ ಒಂದು ಪೈಸೆ ಬರಲಿಲ್ಲ. ಮೆಕ್ಯಾನಿಕಲ್ ಬ್ರೇಕ್‌ಡೌನ್ ಸಾಮಾನ್ಯ ಪಾಲಿಸಿಯಲ್ಲಿ ಸೇರುವುದೇ ಇಲ್ಲ. ಉಳಿದ ದಾರಿ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರಿಗೆ 2 ವರ್ಷದ ಅವಕಾಶ ಉಂಟು, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ನಮ್ಮ ದೂರಿನ ಕಾಗದ ತಯಾರಾಗುತ್ತಿದೆ. ಒಂದೇ ಸಾಲಿನ ಆ ಬಿಲ್, ಕರಗಿದ ಪುಲ್ಲಿಯ ಫೋಟೋ, ಉಡುಪಿಯ ಫಿಟ್ಟರ್ ಬರೆದುಕೊಟ್ಟ ವರದಿ ಜೊತೆಗಿಟ್ಟಿದ್ದೇನೆ. ಯಾವ ಭಾಗ, ಯಾವ ನಂಬರ್, ಎಷ್ಟು ಕಿಲೋಮೀಟರಿಗೆ ಎಂದು ಬಿಡಿಬಿಡಿಯಾಗಿ ಬರೆದ ಬಿಲ್ ಇದ್ದಿದ್ದರೆ ವಾದ ಎಷ್ಟೋ ಸುಲಭವಾಗುತ್ತಿತ್ತು ಎಂದು ವಕೀಲರು ಹೇಳಿದರು. ನೀವು ಇತ್ತೀಚೆಗೆ ಬೆಲ್ಟ್ ಹಾಕಿಸಿದ್ದರೆ, ಬಿಲ್ಲಿನಲ್ಲಿ ಪುಲ್ಲಿಯ ಸುದ್ದಿಯೇ ಇಲ್ಲದಿದ್ದರೆ, ಅಥವಾ ಬೆಳಿಗ್ಗೆ ಆ ಗುಂಯ್ ಸದ್ದು ಕೇಳುತ್ತಿದ್ದರೆ, ಘಾಟಿ ಹತ್ತುವ ಮೊದಲು ಕವರ್ ಬಿಚ್ಚಿಸಿ ನೋಡಿಸಿ.